ಶಾರ್ಕುಗಳಿಗೆ ಭಂಡಾರ

ಒಂದೇ ಸೀಮೆಯ ಚರಿತ್ರೆಯನ್ನು ನಾನು ಮೂರು ಬಗೆಯಲ್ಲಿ ಓದಿದ್ದೇನೆ. ನಾರಾಯಣಪೇಟೆಯ ಉರ್ದು ಶಾಲೆಯಲ್ಲಿ ನಾನು ಕುಳಿತಿದ್ದಾಗ ಪುಸ್ತಕವು ನಿಜಾಮರ ಔದಾರ್ಯವನ್ನು ವರ್ಣಿಸುತ್ತಿತ್ತು. ನನ್ನ ಮಗ ಶಾಲೆಗೆ ಹೋಗುವ ಹೊತ್ತಿಗೆ ಅದೇ ಕಾಲವು ಕತ್ತಲೆಯ ಕಾಲವಾಗಿತ್ತು. ತೆಲಂಗಾಣ ಪ್ರತ್ಯೇಕ ರಾಜ್ಯವಾದ ಮೇಲೆ ಪುಸ್ತಕಗಳು ಮತ್ತೊಮ್ಮೆ ಬದಲಾದವು. ಮೂರರಲ್ಲಿಯೂ ನಮ್ಮಂತೆ ಮನೆಯಲ್ಲಿ ಕನ್ನಡವಾಡುವ ಕುರಿಗಾರರ ವಿಷಯ ಒಂದು ಸಾಲಿಗಿಂತ ಹೆಚ್ಚಿರಲಿಲ್ಲ. ನಾನು ಬೇಗನೆ ಶಾಲೆ ಬಿಟ್ಟವನು. ಕಾಳಿನ ಮಂಡಿಯಲ್ಲಿ ಗುಮಾಸ್ತನಾಗಿ, ರಾಯಚೂರಿನಿಂದ ಬರುತ್ತಿದ್ದ ಪತ್ರಿಕೆಗಳನ್ನು ಬಿಡುವಿನಲ್ಲಿ ಓದಿ ಕನ್ನಡದ ಅಕ್ಷರ ಕಲಿತವನು. ಹೀಗಾಗಿ ಅಚ್ಚಾದ ಯಾವುದನ್ನು ಓದಿದರೂ ಇದನ್ನು ಬರೆದವನು ಯಾರು, ಅವನು ಎಲ್ಲಿ ನಿಂತು ನೋಡಿದ ಎಂದು ಕೇಳುವುದು ನನಗೆ ಅಭ್ಯಾಸವಾಯಿತು. ಕೇಳಿದ್ದಷ್ಟೇ ಬಂತು. ಬರೆದವನೊಬ್ಬನೂ ಎದುರಿಗೆ ಸಿಕ್ಕಿರಲಿಲ್ಲ.

ಸಿಕ್ಕಿದ್ದು ಹೊಸ ರಾಜ್ಯದ ಮೊದಲ ವರ್ಷಗಳಲ್ಲಿ, ನನ್ನ ಮೊಮ್ಮಗಳಿಂದಾಗಿ.

ಆಗ ನಾನು ಮಕ್ತಲಿನಲ್ಲಿ ಮಗನ ಮನೆಯಲ್ಲಿದ್ದೆ. ಗಂಡನನ್ನು ಕಳೆದುಕೊಂಡ ನನ್ನ ಅಕ್ಕನೂ ನಮ್ಮೊಂದಿಗಿದ್ದಳು. ಮೊಮ್ಮಗಳು ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತಿದ್ದಳು. ಅವಳ ಕೈಯಲ್ಲಿ ಕುಂಚ ಚೆನ್ನಾಗಿ ನಿಲ್ಲುತ್ತದೆಂದು ಯಾರೋ ಗೆಳತಿ ಹೇಳಿ, ಹೈದರಾಬಾದಿನಿಂದ ಅವಳಿಗೊಂದು ಡಬ್ಬಿ ಬಂತು. ಮಧ್ಯಾಹ್ನ ಕಿಟಕಿಯ ಬೆಳಕಿನಲ್ಲಿ ಅವಳು ಏನಕ್ಕೋ ಬಣ್ಣ ಹಚ್ಚುತ್ತಿದ್ದುದನ್ನು ನೋಡಲು ಹೋಗಿ, ಕನ್ನಡಕ ಸರಿಪಡಿಸಿಕೊಂಡು ಬಾಗಿದೆ. ಬಾಗಿದವನು ಹಾಗೆಯೇ ನಿಂತುಬಿಟ್ಟೆ.

ಹೆಬ್ಬೆರಳಿನಷ್ಟೆತ್ತರದ ಗೊಂಬೆಗಳು. ಮೈ ಮನುಷ್ಯನದು, ತಲೆ ಶಾರ್ಕ್ ಮೀನಿನದು. ಬೆನ್ನಿನಿಂದ ಈಜುರೆಕ್ಕೆ ಎದ್ದು ನಿಂತಿದೆ, ಕೈಯಲ್ಲಿ ಕೊಕ್ಕೆ. ಒಂದರ ಬಾಯಿಯಲ್ಲಿ, ಸಾಲು ಹಲ್ಲುಗಳ ನಡುವೆ, ಮನುಷ್ಯನ ಕೈಯೊಂದು ಮೊಣಕೈತನಕ ಇತ್ತು. ಅದರ ಉಗುರುಗಳಿಗೂ ಮೊಮ್ಮಗಳು ಬಣ್ಣ ಹಚ್ಚಿದ್ದಳು.

"ಏನವ್ವಾ ಇದು?"

"ಆಟದ ಗೊಂಬಿ, ತಾತ. ಮೇಜಿನ ಮ್ಯಾಗ ಎರಡು ದಂಡು ಇಟ್ಟು, ದಾಳ ಉರುಳಿಸಿ ಯುದ್ಧ ಆಡ್ತಾರ. ಇವು ಸಮುದ್ರದ ದರೋಡಿಕೋರರ ದಂಡು."

"ಸಣ್ಣ ಹುಡುಗರು ಇದನ್ನ ಕೈಯಾಗ ಹಿಡೀತಾರೇನು?"

"ಹುಡುಗರಲ್ಲ ತಾತ. ಬ್ಯಾಂಕಿನ್ಯಾಗ ಕೆಲಸ ಮಾಡೋರು, ಡಾಕ್ಟರು."

"ಮನ್ಯಾಗ ಹೆಂಡ್ರಿಗೆ ಹೇಳಿ ಬಂದಿರ್ತಾರೋ ಇಲ್ಲೋ?"

ಅವಳು ನಕ್ಕು ಕುಂಚ ಒರೆಸಿಕೊಂಡಳು. ಗೊಂಬೆ ಎರಕ ಹೊಯ್ಯುವವನು ಗದ್ವಾಲದವನೇ, ಹೈದರಾಬಾದಿನಲ್ಲಿ ಅವನ ಕಾರ್ಖಾನೆ. ಬರುವ ಭಾನುವಾರ ತನ್ನೂರಿಗೆ ಬರುತ್ತಾನೆ. ಈ ದಂಡು ಅವನಿಗೆ ಮೆಚ್ಚುಗೆಯಾದರೆ, ಇನ್ನು ಮುಂದೆ ಅವನ ಗೊಂಬೆಗಳಿಗೆ ಬಣ್ಣ ಹಚ್ಚುವ ಕೆಲಸ ಅವಳದು, ಮನೆಯಲ್ಲಿಯೇ ಕುಳಿತು ಮಾಡುವ ಕೆಲಸ. ಅದು ತಪ್ಪಿದರೆ, ಅವಳಪ್ಪ ಮಾತಾಡಿಟ್ಟಿದ್ದ ಸಂಬಂಧಕ್ಕೆ ಆಷಾಢ ಕಳೆದೊಡನೆ ತಲೆಯಾಡಿಸಬೇಕು. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಡಬ್ಬಿಯೊಂದಿಗೆ ಇಂಗ್ಲಿಷಿನ ಕಿರುಪುಸ್ತಕವೂ ಬಂದಿತ್ತು. ಊಟದ ಹೊತ್ತಿನಲ್ಲಿ ಓದಿಸಿ ಕೇಳಿದೆ. ಈ ಕುಲದವರು ಕಡಲಿನ ಆಳದಿಂದ ಬಂದವರಂತೆ. ಇವರಿಗೆ ನೆಲೆಯಿಲ್ಲ, ದೇವರಿಲ್ಲ, ಹಾಡಿಲ್ಲ, ಮಕ್ಕಳಿಲ್ಲ. ಇರುವುದು ಹಸಿವೊಂದೇ. ಎಲುಬಿನ ಹಡಗುಗಳಲ್ಲಿ ಬಂದು ದಡದ ಊರುಗಳನ್ನು ಸುಟ್ಟು ಹೋಗುವರಂತೆ.

"ಮಕ್ಕಳಿಲ್ಲದ ಕುಲ ಇಷ್ಟು ದಿನ ಹೆಂಗ ನಡೀತು?" ಎಂದೆ.

"ಹಂಗ ಬರ್ದಾರ, ತಾತ."

"ಯಾರು ಬರ್ದಾರ? ಸುಟ್ಟ ಊರಿನೋರಾ? ಇವುಗಳ ಬಾಯಿಲೇ ಒಮ್ಮೆರ ಕೇಳ್ಯಾರೇನು?"

"ಇವುಗಳ ಬಾಯಾಗ ಕೈ ಐತಲ್ಲ, ಮಾತು ಹೆಂಗ ಆಡ್ತಾವ?"

ಮಗ, ಸೊಸೆ ಇಬ್ಬರೂ ನಕ್ಕರು. ಅಕ್ಕ ನಗಲಿಲ್ಲ. ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, "ಮತ್ತ ಅವು ತಿಂಬೋದೇನು?" ಎಂದು ಕೇಳಿದಳು. ಸಿಕ್ಕಿದ್ದನ್ನು ತಿನ್ನುತ್ತವೆ ಎಂದು ಮೊಮ್ಮಗಳು ಹೇಳಿದಳು. ಅಕ್ಕ ಮತ್ತೆ ರೊಟ್ಟಿ ತಟ್ಟತೊಡಗಿದಳು.

ಶನಿವಾರ ಸಂಜೆ ಕೊನೆಯ ಕೈ ವಾರ್ನಿಶ್ ಹಚ್ಚಿದ್ದಾಯಿತು. ಹಸಿ ವಾರ್ನಿಶಿಗೆ ಧೂಳು ಕೂರಬಾರದೆಂದು, ಗಾಳಿಯಾಡದ ಜಾಗ ಹುಡುಕಿ, ಮೊಮ್ಮಗಳು ಅವನ್ನೆಲ್ಲ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ ದೇವರ ಕೋಣೆಯಲ್ಲಿಟ್ಟಳು. ನಮ್ಮದು ಕುರಿಗಾರರ ದೇವರಾದ ಬೀರಪ್ಪ, ಮೈಲಾರರ ಒಕ್ಕಲು. ಆ ಕೋಣೆಯಲ್ಲಿ ಕರಿಯ ಕಂಬಳಿಯ ಗದ್ದುಗೆಯಿದೆ. ಪಕ್ಕದ ಚೀಲದಲ್ಲಿ ಭಂಡಾರ, ಎಂದರೆ ದೇವರ ಅರಿಶಿನಪುಡಿ, ಇರುತ್ತದೆ.

ಭಾನುವಾರ ಬೆಳಿಗ್ಗೆ ಮೊಮ್ಮಗಳು ಆ ಕೋಣೆಯ ಬಾಗಿಲಲ್ಲಿ ಕಂಬದಂತೆ ನಿಂತಿದ್ದಳು. ಅವಳ ಹೆಗಲ ಮೇಲಿನಿಂದ ನಾನೂ ಇಣುಕಿದೆ. ಹಲಗೆ ಈಗ ಕಂಬಳಿಯ ಮೇಲಿತ್ತು. ಬೂದು, ನೀಲಿ ಬಣ್ಣದ ಶಾರ್ಕುಗಳೆಲ್ಲ ತಲೆಯಿಂದ ಕಾಲಿನವರೆಗೆ ಹಳದಿಯಾಗಿದ್ದವು. ಕಿವಿರಿನ ಸೀಳುಗಳಲ್ಲಿ, ಹಲ್ಲುಗಳ ನಡುವೆ, ಆ ತುಂಡು ಕೈಯ ಬೆರಳುಗಳ ಮೇಲೆ ಭಂಡಾರ. ಅವುಗಳ ಮುಂದೆ ಎಲೆಯ ಮೇಲೆ ರೊಟ್ಟಿಯ ಚೂರು, ಬೆಲ್ಲ. ಮೊಮ್ಮಗಳು ಒಂದನ್ನೆತ್ತಿ ಊದಿದಳು. ಪುಡಿ ಹಾರಲಿಲ್ಲ. ರಾತ್ರಿಯ ಸೆಕೆಗೆ ಅರೆಹಸಿಯಾಗಿಯೇ ಉಳಿದಿದ್ದ ವಾರ್ನಿಶಿನೊಳಗೆ ಅದು ಕೂತುಬಿಟ್ಟಿತ್ತು.

ಇದು ಅಕ್ಕನ ಕೈಯೆಂದು ಎಲ್ಲರಿಗೂ ತಿಳಿಯಿತು. ಮಗ ತನ್ನ ತೀರ್ಪು ಕೊಟ್ಟ: ಮುದುಕಿಗೆ ಕಣ್ಣು ಕಾಣುವುದಿಲ್ಲ. ಸೊಸೆ ಅದನ್ನು ತಿದ್ದಿದಳು: ಹಲ್ಲು ಕಿಸಿದ ಬಾಯಿ ನೋಡಿ ಮೈಲಾರನ ಜೊತೆಗಿರುವ ನಾಯಿಗಳೆಂದು ತಿಳಿದಿದ್ದಾರೆ. ನೀರು ತುಂಬಲು ಬಂದ ಹೆಂಗಸರು ಇದನ್ನು ಓಣಿಗೆಲ್ಲ ಹಂಚಿದರು. ಹತ್ತು ಗಂಟೆಯೊಳಗೆ, ಮೀನಿಗೂ ನಾಯಿಗೂ ವ್ಯತ್ಯಾಸ ತಿಳಿಯದ ಅಜ್ಜಿಯ ಕಥೆ ಪೂರ್ತಿ ಬೆಳೆದು ನಿಂತಿತ್ತು. ನನಗೆ ನಂಬಿಕೆ ಬರಲಿಲ್ಲ. ಜೋಳದ ರಾಶಿಯಲ್ಲಿ ಸಾಸಿವೆಯಷ್ಟು ಕಲ್ಲು ಹೆಕ್ಕುವ ಹೆಂಗಸು ಅವಳು. ಹಿತ್ತಲಿಗೆ ಹೋಗಿ ಅವಳ ಪಕ್ಕದಲ್ಲಿ ಕುಳಿತೆ.

"ಅಕ್ಕ, ಅವು ನಾಯಿ ಅಂತ ತಿಳಕೊಂಡೇನು?"

"ನಿನಗ ಹುಚ್ಚು ಹಿಡದೈತೇನಲೇ ತಮ್ಮ? ಮೀನು ಅವು. ನನಗ ಕಾಣ್ತಿಲ್ಲೇನು?"

"ಮತ್ಯಾಕ ಭಂಡಾರ ಹಾಕ್ದಿ?"

"ನೀನೇ ಓದಿಸಿದ್ಯಲ್ಲ. ದೇವ್ರಿಲ್ಲ, ನೆಲಿ ಇಲ್ಲ, ಬರೇ ಹಸಿವು ಅಂತ. ಹಸಿದದ್ದು ಮನಿ ಒಳಗ ಬಂದು ನಿಂತೈತಿ. ಪಾಲು ಕೊಡಲಾರದ ಇಟ್ಟುಕೊಳ್ಳಾಕ ಬರ್ತೈತೇನು?"

ಆ ಮಾತು ಕೇಳಿ ನನಗಾದ ದಿಗ್ಭ್ರಮೆಯನ್ನು ಈಗಲೂ ಸರಿಯಾಗಿ ಬರೆಯಲಾರೆ. ಗುಂಡುಮಾಲ್ ಕಡೆಯ ಬಯಲಿನಲ್ಲಿ ನಮ್ಮ ಅಜ್ಜನ ಕುರಿಹಟ್ಟಿ ಇತ್ತು. ತೋಳ ಮರಿಯನ್ನು ಒಯ್ದರೆ ನಮ್ಮ ಮನೆತನದಲ್ಲಿ ಯಾರೂ ಬೈಯುತ್ತಿರಲಿಲ್ಲ. ತನ್ನ ಪಾಲು ಒಯ್ಯಿತು ಎನ್ನುತ್ತಿದ್ದರು. ಭಾನುವಾರ, ಅದು ಬಂದ ದಾರಿಗೆ ಭಂಡಾರ ಚೆಲ್ಲಿ, ರೊಟ್ಟಿ ಇಟ್ಟು ಬರುತ್ತಿದ್ದರು. ಭಂಡಾರ ಬಿದ್ದದ್ದನ್ನು ನಾವು ಹೊಡೆಯುವಂತಿಲ್ಲ, ಅದು ನಮ್ಮ ಹಟ್ಟಿಗೆ ಬಾಯಿ ಹಾಕುವಂತಿಲ್ಲ. ತೋಳ ಈ ಕರಾರನ್ನು ಎಂದೂ ಪಾಲಿಸಲಿಲ್ಲ, ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಮ್ಮವರು ಮಾತ್ರ ಪಾಲಿಸುತ್ತಲೇ ಇದ್ದರು. ಆ ರೂಢಿಯನ್ನು ಮೂಢನಂಬಿಕೆಯೆಂದು ನಾನು ಮರೆತು ಎಷ್ಟೋ ಕಾಲವಾಗಿತ್ತು. ಅಕ್ಕ ಅದನ್ನು ಸಮುದ್ರದವರೆಗೆ ಚಾಚಿದ್ದಳು. ಸಮುದ್ರವನ್ನು ಅವಳೂ ಕಂಡಿಲ್ಲ, ನಾನೂ ಕಂಡಿಲ್ಲ.

"ಹುಡುಗಿ ಕೆಲಸ ಹೋತಲ್ಲ ಅಕ್ಕ," ಎಂದೆ.

ಅವಳ ಮುಖ ಇಳಿಯಿತು. ಅದನ್ನು ಅವಳು ಯೋಚಿಸಿರಲಿಲ್ಲ.

ತೊಳೆದು ಹೊಸದಾಗಿ ಹಚ್ಚಲು ಸಮಯವಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಮೊಮ್ಮಗಳು ಹಳದಿ ದಂಡನ್ನು ಹಾಗೆಯೇ ಡಬ್ಬಿಯಲ್ಲಿಟ್ಟುಕೊಂಡು ಹೊರಟಳು. ನಾನೂ ಜೊತೆಗೆ ಹೋದೆ. ಜುರಾಲದ ಅಣೆಕಟ್ಟಿನ ಮೇಲೆ ಬಸ್ಸು ನಿಧಾನವಾದಾಗ ಅವಳು ಕೃಷ್ಣೆಯನ್ನು ನೋಡುತ್ತ, "ಅಜ್ಜಿಗೆ ನೀವ್ಯಾಕ ಹೇಳಿದ್ರಿ ಕೆಲಸ ಹೋತು ಅಂತ? ಇನ್ನೂ ಹೋಗಿಲ್ಲಲ್ಲ," ಎಂದಳು.

ಗದ್ವಾಲದಲ್ಲಿ, ಕೋಟೆಯ ಬೆನ್ನಿಗಿರುವ ಓಣಿಯಲ್ಲಿ ಆ ಗೊಂಬೆಯವನ ಮನೆ. ಮೂವತ್ತರ ಆಸುಪಾಸಿನ ಮನುಷ್ಯ, ನಯವಾದ ಮಾತು. ಚಹಾ ತರಿಸಿದ. ಡಬ್ಬಿ ತೆರೆದ. ಒಂದನ್ನೆತ್ತಿ ಬೆಳಕಿಗೆ ಹಿಡಿದು, ಅಡಿಯಿಂದ ತಲೆಯವರೆಗೆ ತಿರುಗಿಸಿ ನೋಡಿದ.

"ಪನಿ ಬಾಗುಂದಮ್ಮಾ, ಕೆಲಸ ಚಲೋ ಐತಿ. ಈ ಹಲ್ಲು, ಈ ಉಗುರು, ಇಷ್ಟು ಸಣ್ಣಗೆ ಯಾರೂ ಮಾಡಂಗಿಲ್ಲ. ಆದ್ರ ಈ ಹಳದಿ ಏನಿದು?"

ಮೊಮ್ಮಗಳು ನನ್ನತ್ತ ನೋಡಿದಳು. ನಾನು ಇದ್ದುದನ್ನು ಇದ್ದಂತೆ ಹೇಳಿದೆ. ಹೇಳುತ್ತಿದ್ದಂತೆ ನನಗೆ ಹಳೆಯ ಹಟ ಏರಿತು.

"ನಿಮ್ಮ ಪುಸ್ತಕದಾಗ ಇವಕ್ಕ ಮಕ್ಕಳಿಲ್ಲ, ದೇವರಿಲ್ಲ ಅಂತ ಐತಿ. ಅದನ್ನ ಬರ್ದೋರು ಯಾರ್ರೀ? ಯಾರನ್ನ ಕೇಳಿ ಬರ್ದಾರ?"

"ನಾನೇ ಬರ್ದೀನ್ರಿ," ಎಂದನು ಅವನು.

ಕೈಯಲ್ಲಿದ್ದ ಲೋಟವನ್ನು ನಾನು ಕೆಳಗಿಟ್ಟೆ. ಜೀವಮಾನವೆಲ್ಲ ಹುಡುಕಿದ ಮನುಷ್ಯ ಎದುರಿಗೆ ಕುಳಿತು ಬಿಸ್ಕೀಟಿನ ತಟ್ಟೆಯನ್ನು ನನ್ನೆಡೆಗೆ ಸರಿಸುತ್ತಿದ್ದ.

"ಹಂಗಾದ್ರ ತಿದ್ದಿ ಬರೀರಿ. ಇವಕ್ಕೂ ಮಕ್ಕಳದಾವ ಅಂತ ಒಂದು ಸಾಲು ಹಾಕ್ರಿ. ನಿಮ್ಮ ಗಂಟೇನು ಹೋಗ್ತೈತಿ?"

ಅವನು ಸಿಟ್ಟಾಗಲಿಲ್ಲ. ದೊಡ್ಡವರಿಗೆ ವ್ಯವಹಾರ ತಿಳಿಸುವ ಮರ್ಯಾದೆಯಿಂದಲೇ ಹೇಳಿದ: "ಮಕ್ಕಳದಾವ ಅಂದ್ರ ಇವುಗಳನ್ನ ಯಾರು ಹೊಡೀತಾರ್ರಿ, ತಾತ? ಹೊಡಿಯಾಕ ಮನಸ್ಸು ಬರಂಗಿಲ್ಲ. ಮನಸ್ಸು ಬರದಿದ್ರ ಆಟ ನಡಿಯಂಗಿಲ್ಲ. ಅದಕ್ಕ ಮೊದಲು ಮಕ್ಕಳನ್ನ ತಗದೆ, ಆಮ್ಯಾಲೆ ದೇವರನ್ನ ತಗದೆ."

ನಾನು ಓದಿದ ಮೂರು ಚರಿತ್ರೆಗಳೂ ಒಮ್ಮೆಲೇ ನೆನಪಾದವು. ಸುಳ್ಳು ಸಿಕ್ಕಿಬಿದ್ದರೆ ಬರೆದವನು ತಡವರಿಸುತ್ತಾನೆಂದೇ ಎಣಿಸಿದ್ದೆ. ಇವನು ಅಡುಗೆಗೆ ಉಪ್ಪು ಎಷ್ಟು ಹಾಕಿದೆನೆಂದು ಹೇಳುವವನಂತೆ ಹೇಳಿಬಿಟ್ಟ.

ಅವನು ಮೊಮ್ಮಗಳ ಕಡೆಗೆ ತಿರುಗಿದ. "ಕೆಲಸ ನಿಂದೇ ಅಂತ ತಿಳಕೋಮ್ಮಾ. ಇದನ್ನ ಸ್ಪಿರಿಟಿನ್ಯಾಗ ತೊಳದು, ಮತ್ತ ಹಚ್ಚಿ ಕಳಿಸು."

"ಇವನ್ನ ತೊಳಿಯಂಗಿಲ್ರಿ," ಎಂದಳು ಮೊಮ್ಮಗಳು.

ನಾನು ಬೆಚ್ಚಿ ಅವಳನ್ನು ನೋಡಿದೆ. ಅಕ್ಕನ ಪೂಜೆಗೆ ಅವಳು ಒಂದು ದಿನವೂ ಕೈಮುಗಿದವಳಲ್ಲ. ಕೆಲಸ ಹೋಯಿತೆಂದೇ ಭಾವಿಸಿದೆ. ಅವಳು ತಡೆಯದೆ ಮುಂದುವರಿಸಿದಳು: "ಇವು ನಮ್ಮ ಮನಿಯವು ಆದ್ವು. ಇವುಗಳ ಬೆಲಿ ನನ್ನ ಕೂಲಿಯಾಗ ಹಿಡಕೊಳ್ರಿ. ಬಣ್ಣ ಇಲ್ಲದ್ದು ಇನ್ನೊಂದು ದಂಡು ಕೊಡ್ರಿ. ನಿಮ್ಮ ಪುಸ್ತಕದಾಗ ಹೆಂಗ ಐತಿ, ಹಂಗ ಮಾಡಿ ಕೊಡ್ತೀನಿ."

ಅವನು ಕ್ಷಣಕಾಲ ಯೋಚಿಸಿ ಒಳಗೆ ಹೋದ. ಹೊಸ ಡಬ್ಬಿಯೊಂದಿಗೆ ಹಿಂದಿರುಗಿದ.

ಮರಳುವ ಬಸ್ಸಿನಲ್ಲಿ ನಾನು ಮುಖ ತಿರುಗಿಸಿ ಕುಳಿತೆ. ಕೆಲಸ ಸಿಕ್ಕಿತ್ತು, ಬೇಡದ ಸಂಬಂಧದಿಂದ ಅವಳು ಉಳಿದಿದ್ದಳು. ಆದರೂ "ಪುಸ್ತಕದಾಗ ಹೆಂಗ ಐತಿ ಹಂಗ" ಎಂಬ ಮಾತು ನನಗೆ ರುಚಿಸಲಿಲ್ಲ. ನನ್ನ ಕೈಯಲ್ಲಿ ಬೆಳೆದ ಹುಡುಗಿ ಆ ಮಾತನ್ನು ಅಷ್ಟು ಸಲೀಸಾಗಿ ಆಡಬಲ್ಲಳೆಂದು ನಾನೆಣಿಸಿರಲಿಲ್ಲ. ಮನೆಗೆ ಬಂದ ಮೇಲೂ ಕೆಲವು ದಿನ ಅವಳೊಂದಿಗೆ ಮಾತು ಬಿಟ್ಟೆ. ಕಿಟಕಿಯ ಬಳಿ ಹೊಸ ಶಾರ್ಕುಗಳು ಬೂದಿಯ ಬಣ್ಣ ತಳೆದು, ಕೈಗಳನ್ನು ಕಚ್ಚಿಕೊಂಡು ಸಾಲುಗಟ್ಟುತ್ತಿದ್ದವು.

ಅಕ್ಕನಿಗೆ ಇದನ್ನು ತಡೆಯಲಾಗಲಿಲ್ಲ. ಮುಂದಿನ ಭಾನುವಾರ ಹಳದಿ ಶಾರ್ಕುಗಳ ಮುಂದೆ ರೊಟ್ಟಿಯ ಚೂರಿಟ್ಟು ಬಂದವಳು, ನನ್ನ ಮುಂದೆ ತಾಟು ಇಡುತ್ತ ಕೇಳಿದಳು: "ಹುಡುಗಿ ಕೂಡ ಮಾತು ಯಾಕ ಬಿಟ್ಟಿ?"

"ಅಕಿ ಸುಳ್ಳಿಗೆ ಬಣ್ಣ ಹಚ್ಚಾಕ ಹತ್ಯಾಳ."

"ಹಚ್ಚಲಿ. ತೋಳಕ್ಕ ಪಾಲು ಕೊಟ್ಟೋರು ನಾವು. ಮನಿ ಮಗಳಿಗೆ ಅಕಿ ಪಾಲು ಕೊಡಾಕ ನಿನಗ ಏನು ಧಾಡಿ?"

ಅವಳು ರೊಟ್ಟಿಯನ್ನು ಮುರಿದು, ಅರ್ಧವನ್ನು ನನ್ನ ತಾಟಿಗೆ ಹಾಕಿ, ಉಳಿದರ್ಧವನ್ನು ಕಿಟಕಿಯ ಕಡೆಗೆ ಒಯ್ದಳು. ಮೊಮ್ಮಗಳ ಎರಡು ಕೈಗೂ ಬಣ್ಣ ಮೆತ್ತಿತ್ತು. ಅಕ್ಕ ಅವಳ ಪಕ್ಕದಲ್ಲಿ ಕುಳಿತು, ಚೂರು ಚೂರಾಗಿ ಅವಳ ಬಾಯಿಗಿಡತೊಡಗಿದಳು.