ಕೆಳಗಿನ ಮನೆಯ ಆಂಟಿ ಮತ್ತು ಸದ್ದಿಲ್ಲದ ಕಾರುಗಳು

ಮೊನ್ನೆ ರೂಟ್ ಒನ್ ಹೆದ್ದಾರಿಯ ಸಿಗ್ನಲ್‌ನಲ್ಲಿ ಮುಂದಿದ್ದ ಟ್ರಕ್ಕು ಗಕ್ಕನೆ ನಿಂತಿತು. ಕಿಟಕಿ ಇಳಿಸಿಕೊಂಡಿದ್ದೆ. ಕಾದ ಬ್ರೇಕಿನ ವಾಸನೆ ಒಳಗೆ ನುಗ್ಗಿತು... ಸುಟ್ಟ ಕಬ್ಬಿಣವೋ ರಬ್ಬರೋ ಗೊತ್ತಾಗದ, ಮೂಗಿನಲ್ಲೇ ಕೂತುಬಿಡುವ ವಾಸನೆ. ಬೇರೆ ಯಾರಾದರೂ ಆಗಿದ್ದರೆ ಕಿಟಕಿ ಏರಿಸುತ್ತಿದ್ದರು. ನಾನು ಇನ್ನಷ್ಟು ಇಳಿಸಿದೆ. ಹಿಂದಿನವನು ಹಾರ್ನ್ ಹೊಡೆದ ಮೇಲೆಯೇ ಸಿಗ್ನಲ್ ಹಸಿರಾದದ್ದು ತಿಳಿಯಿತು. ನ್ಯೂಜೆರ್ಸಿಯ ಪ್ಲೇನ್ಸ್‌ಬರೋದ ನಮ್ಮ ಹಳೆಯ ಅಪಾರ್ಟ್‌ಮೆಂಟಿನಲ್ಲಿ, ಕೆಳಗಿನ ಮನೆಯಲ್ಲಿದ್ದ ಆಂಟಿಗೆ ಈ ವಾಸನೆ ಮಲ್ಲಿಗೆಗಿಂತ ಹೆಚ್ಚು.

ನಾನಾಗ ಮದುವೆಯಾಗಿ ಹೊಸದಾಗಿ ಬಂದಿದ್ದೆ. ಗಂಡ ಬೆಳಿಗ್ಗೆ ನ್ಯೂಯಾರ್ಕ್ ಟ್ರೇನು ಹಿಡಿದರೆ ಬರುವುದು ಸಂಜೆಗೆ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಓದಿದ ಎಂಜಿನಿಯರಿಂಗನ್ನು ಎಲ್ಲಿ ಇಡಬೇಕೋ ತಿಳಿಯದೆ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಶತಪಥ ತಿರುಗುತ್ತಿದ್ದೆ. ಒಂದು ದಿನ ಬಾಗಿಲು ತಟ್ಟಿದ ಸದ್ದಾಯಿತು. ಎಪ್ಪತ್ತರ ಹತ್ತಿರದ ಹೆಂಗಸು, ಕಾಟನ್ ಸೀರೆಯ ಮೇಲೆ ಯಾವುದೋ ರೇಸ್ ತಂಡದ ಜಾಕೆಟ್ಟು.

"ನೀನು ಓಡಾಡಿದ್ರೆ ನಮ್ಮನೆ ಊಟದ ಟೇಬಲ್ ಮೇಲಿನ ಲೈಟ್ ಅಲ್ಲಾಡತ್ತೆ ಕಣಮ್ಮ. ಓಡಾಡ್ಲೇಬೇಕು ಅಂದ್ರೆ ಕೆಳಗೇ ಬಂದು ಓಡಾಡು" ಅಂದರು.

ಹೋದೆ. ಬೇರೆ ಕೆಲಸವೇನಿತ್ತು? ಆಂಟಿ ಮೈಸೂರಿನವರು, ನ್ಯೂಜೆರ್ಸಿಗೆ ಬಂದು ದಶಕಗಳಾಗಿದ್ದವು. ಬ್ರೇಕಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾಗಿದ್ದರು. ಕಾರ್ಖಾನೆಯವರು ಒಮ್ಮೆ ಕೆಲಸಗಾರರಿಗೆಲ್ಲ ಸ್ಪೋರ್ಟ್ಸ್ ಕಾರ್ ರೇಸಿನ ಪುಕ್ಕಟೆ ಟಿಕೆಟ್ ಹಂಚಿದ್ದರಂತೆ. ಗಂಡ ಬರಲೊಲ್ಲೆ ಅಂದರು, ಇವರು ಒಬ್ಬರೇ ಹೋದರು. ಅಂದು ಹತ್ತಿದ ಹುಚ್ಚು ಗಂಡ ತೀರಿಹೋದ ಮೇಲೂ ಬಿಟ್ಟಿರಲಿಲ್ಲ. ಆರು ಗಂಟೆ, ಹನ್ನೆರಡು ಗಂಟೆ, ಕೆಲವೊಮ್ಮೆ ಇಡೀ ದಿನ ನಡೆಯುವ ರೇಸುಗಳು. ಒಂದೇ ಕಾರನ್ನು ಇಬ್ಬರು ಮೂವರು ಸರದಿಯ ಮೇಲೆ ಓಡಿಸುತ್ತಾರೆ. ಅತಿವೇಗದ ಕಾರೂ ನಿಧಾನದ ಕಾರೂ ಒಂದೇ ರಸ್ತೆಯಲ್ಲಿ. ನಾನು ಮೊದಲ ದಿನ ಹತ್ತು ನಿಮಿಷವೂ ಕೂರಲಿಲ್ಲ. ಆದರೆ ಆಂಟಿಯೂ ಕೂರುವವರಲ್ಲ. ಟೀವಿಯ ಮುಂದೆ ನಿಂತು, ಸೌಟು ಹಿಡಿದು, ಬೈಯುತ್ತಿದ್ದರು.

ಬೈಯುವುದಕ್ಕೆ ಅವರಿಗೆ ಬರವಿರಲಿಲ್ಲ. ಅಮೆರಿಕದ ಸ್ಪೋರ್ಟ್ಸ್ ಕಾರ್ ರೇಸಿಂಗ್ ಹಾಳಾಗಿಹೋಯಿತು ಎನ್ನುವುದು ಅವರ ಸಿದ್ಧಾಂತ. ವೇಗದ ಕಾರಿಗೆ ತೂಕ ಹೇರಿ, ಸೋಲುವ ಕಾರಿಗೆ ಶಕ್ತಿ ಕೊಟ್ಟು ಎಲ್ಲರನ್ನೂ ಸಮ ಮಾಡುವ ನಿಯಮವೊಂದಿದೆ. ಓದಿದ ಹುಡುಗಿಯ ಮಾರ್ಕ್ಸ್ ಕಿತ್ತು ಓದದವನಿಗೆ ಕೊಟ್ಟ ಹಾಗೆ ಎಂದು ಅದಕ್ಕೆ ಶಾಪ ಹಾಕುತ್ತಿದ್ದರು. ರಸ್ತೆಯ ಮೇಲೆ ಒಂದು ಚೂರು ಪ್ಲಾಸ್ಟಿಕ್ ಬಿದ್ದರೂ ಹಳದಿ ಬಾವುಟ, ಎಲ್ಲರೂ ಸಾಲಾಗಿ ಮೆಲ್ಲಗೆ ಬರಬೇಕು, ಗಂಟೆಗಟ್ಟಲೆ ಗಳಿಸಿದ ಮುನ್ನಡೆ ನೀರಲ್ಲಿ ಹೋಮ. ಅರ್ಧ ರೇಸು ಒಂದು ಆ್ಯಪ್‌ನಲ್ಲಿ, ಇನ್ನರ್ಧ ಇನ್ನೊಂದರಲ್ಲಿ ನೋಡಬೇಕು. ಇಷ್ಟನ್ನೂ ಅಭಿಮಾನಿಗಳ ಆನ್‌ಲೈನ್ ಪುಟವೊಂದರಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಬರೆಯುತ್ತಿದ್ದರು. ಇಷ್ಟೊಂದು ಕಂಪನಿಗಳು ಪೈಪೋಟಿಗೆ ಬಂದಿವೆ, ಇದು ಸುವರ್ಣಯುಗ ಎಂದು ವಾದಿಸುವ ಹುಡುಗರು ಅಲ್ಲಿ ಬೇಕಾದಷ್ಟಿದ್ದರು. ಅವರೆಲ್ಲ ಇವರನ್ನು ಯಾವುದೋ ಹಳ್ಳಿಯ ಸಿಡುಕು ಮುದುಕ ಎಂದುಕೊಂಡು "ಸರ್" ಅನ್ನುತ್ತಿದ್ದರು. ಆಂಟಿ ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ದೂರು ಸದ್ದಿನದು. ಹೊಸ ಕಾರುಗಳಿಗೆ ಬ್ಯಾಟರಿ, ಮೋಟಾರು ಸೇರಿಸಿ ಸದ್ದನ್ನೇ ಕೊಂದುಹಾಕಿದ್ದಾರೆ, ಸದ್ದಿಲ್ಲದ ಮೇಲೆ ಅದು ರೇಸೇ ಅಲ್ಲ ಎನ್ನುತ್ತಿದ್ದರು. ನಾನು ನಂಬಿದ್ದೆ. ಟೀವಿಯ ಸದ್ದಿನಲ್ಲಿ ನನಗೇನು ತಿಳಿಯಬೇಕು? ಟೀವಿಯಲ್ಲಿ ಸದಾ ಅಕ್ಷರಗಳು ಓಡುತ್ತಿರುತ್ತಿದ್ದವು. ಕಾಮೆಂಟರಿಯವರಿಗೆ ಮಾತೇ ಬರುವುದಿಲ್ಲ, ಅದಕ್ಕೇ ಓದಿಕೊಳ್ಳುತ್ತೇನೆ ಅಂದಿದ್ದರು. ನಾನು ಮಾತಾಡುವಾಗ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅದನ್ನು ಅಕ್ಕರೆ ಅಂದುಕೊಂಡಿದ್ದೆ... ಅಕ್ಕರೆಯೂ ಇತ್ತೆನ್ನಿ.

ಅವರ ಮಗ ಇದ್ದದ್ದು ಟೆಕ್ಸಾಸ್‌ನಲ್ಲಿ. ಆ ವರ್ಷ ಅವನು ನನಗೆ ಮೇಲಿಂದ ಮೇಲೆ ಫೋನ್ ಮಾಡತೊಡಗಿದ. ಅಮ್ಮ ಫೋನ್ ಎತ್ತುತ್ತಿಲ್ಲ, ಎತ್ತಿದರೆ ಕೇಳಿದ್ದೊಂದು ಹೇಳುವುದೊಂದು, ಹೀಗೇ ಆದರೆ ಮನೆ ಖಾಲಿ ಮಾಡಿಸಿ ತನ್ನಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದ. ಒಳ್ಳೆಯ ಮಗನೇ. ಆಂಟಿಗೆ ಹೇಳಿದರೆ ಅವರು ಕೆಂಡವಾದರು. ತನ್ನ ಮನೆ, ತನ್ನ ಕಾರು, ವರ್ಷಕ್ಕೊಮ್ಮೆ ನ್ಯೂಯಾರ್ಕ್ ರಾಜ್ಯದ ಉತ್ತರಕ್ಕೆ, ಅಪ್‌ಸ್ಟೇಟಿನಲ್ಲಿ ನಡೆಯುವ ಆರು ಗಂಟೆಯ ರೇಸು, ಇಷ್ಟು ಬಿಟ್ಟರೆ ತನ್ನದು ಅಂತ ಏನಿದೆ ಎಂದು ಕೇಳಿದರು. ಅಷ್ಟು ದೂರ ತಾವೊಬ್ಬರೇ ಓಡಿಸಲು ಧೈರ್ಯವಿರಲಿಲ್ಲ. ಹೀಗಾಗಿ ಆ ಬೇಸಿಗೆಯಲ್ಲಿ ನಾನು ಸಾರಥಿಯಾದೆ.

ಹಿಂದಿನ ದಿನವೇ ಹೋಗಿ ಮೋಟೆಲಿನಲ್ಲಿ ತಂಗಿದ್ದೆವು. ಬೆಳಿಗ್ಗೆ ಟ್ರ್ಯಾಕಿನೊಳಗೆ ಕಾಲಿಟ್ಟದ್ದೇ ಆಂಟಿಯ ನಡಿಗೆ ಬದಲಾಯಿತು. ಈ ರೇಸುಗಳಲ್ಲಿ ಒಂದು ಪದ್ಧತಿಯಿದೆ: ಟಿಕೆಟ್ ಕೊಂಡ ಯಾರು ಬೇಕಾದರೂ ಕಾರುಗಳ ಪಕ್ಕಕ್ಕೇ ಹೋಗಿ ನಿಲ್ಲಬಹುದು, ಮೆಕ್ಯಾನಿಕ್‌ಗಳನ್ನು ಮಾತಾಡಿಸಬಹುದು. ಇದೊಂದನ್ನು ಇನ್ನೂ ಕೆಡಿಸಿಲ್ಲ ಎಂದು ಆಂಟಿ ಒಪ್ಪಿಕೊಂಡರು. ಒಂದು ಕಾರಿನ ಚಕ್ರದ ಬಳಿ ಬಗ್ಗಿ ಮೂಗರಳಿಸಿ, ಈ ಬ್ರೇಕು ಚೆನ್ನಾಗಿ ಪಳಗಿದೆ ಅಂದರು. ಅಷ್ಟರಲ್ಲಿ ದೊಡ್ಡ ಕಾರೊಂದು ಎಂಜಿನ್ ಹಚ್ಚದೆ, ಬರೀ ಬ್ಯಾಟರಿಯ ಮೇಲೆ, ಸದ್ದೇ ಮಾಡದೆ ನಮ್ಮನ್ನು ದಾಟಿಹೋಯಿತು. ಆಂಟಿ ನನ್ನತ್ತ ಗೆದ್ದ ನೋಟ ಬೀರಿದರು. ನನಗೂ ಅವರು ಹೇಳಿದ್ದೇ ಸರಿ ಅನ್ನಿಸಿತು.

ರೇಸು ಶುರುವಾದಾಗ ನಾವು ಗುಡ್ಡದ ತಿರುವಿನ ಬೇಲಿಯ ಬಳಿ ನಿಂತಿದ್ದೆವು. ಮೊದಲ ಸುತ್ತಿಗೇ ಕಾರುಗಳು ಹಿಂಡಾಗಿ ಬಂದವು. ಕಿವಿಗೆ ಸ್ಪಂಜು ಸಿಕ್ಕಿಸಿಕೊಂಡಿದ್ದರೂ ನನ್ನ ಎದೆ ಅದುರಿತು. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಅಪ್ಪನ ಕಾಲಿಗೆ ಅಂಟಿಕೊಂಡಳು. ಆಂಟಿ ಬರಿಗಿವಿಯಲ್ಲಿ ಬೇಲಿಗೆ ಮುಖ ಒತ್ತಿ ನಿಂತಿದ್ದರು.

"ನೋಡಿದ್ಯಾ? ಪಕ್ಕದ ರೂಮಲ್ಲಿ ಫ್ಯಾನ್ ತಿರುಗಿದ ಹಾಗೆ" ಅಂದರು.

ನಾನು ಸ್ಪಂಜನ್ನು ಕಿವಿಯೊಳಕ್ಕೆ ಇನ್ನಷ್ಟು ಒತ್ತಿದೆ. ಆಗ ಅವರು ಆ ಹುಡುಗಿಯನ್ನು ನೋಡಿದರು. ಮತ್ತೊಂದು ಹಿಂಡು ಬಂದಾಗ ಕಾರುಗಳನ್ನು ನೋಡಲೇ ಇಲ್ಲ. ಜನರ ಮುಖ ನೋಡಿದರು, ಕಿವಿಗೆ ಹೋದ ಕೈಗಳನ್ನು ನೋಡಿದರು. ಆಮೇಲೆ ನನ್ನ ಮೊಣಕೈ ಹಿಡಿದರು.

"ನಿಜ ಹೇಳು. ಸದ್ದು ಇದ್ಯಾ?"

ಇಲ್ಲ ಅಂದಿದ್ದರೆ ಏನಾಗುತ್ತಿತ್ತು? ಅವರ ಮನೆ, ಅವರ ಕಾರು, ಅವರ ಜಗಳಗಳು ಇನ್ನೊಂದು ವರ್ಷ ಉಳಿಯುತ್ತಿದ್ದವೇನೋ. ನನಗೂ ಅವರು ಉಳಿಯುತ್ತಿದ್ದರು. ಬೇಲಿ ಬಿಟ್ಟು ಎಲ್ಲಿಗಾದರೂ ಓಡಿಹೋಗೋಣ ಅನ್ನಿಸಿತು. ಆದರೆ ಆ ಮುಖದೆದುರು ಸುಳ್ಳು ಹೊರಡಲಿಲ್ಲ.

"ಇದೆ ಆಂಟಿ. ತುಂಬಾ ಇದೆ."

ಅವರು ಟ್ರ್ಯಾಕಿನ ಕಡೆ ತಿರುಗಿದರು. ಎಷ್ಟೋ ಕಾರುಗಳು ಹೋದವು. ಆಮೇಲೆ, ಪಾಪ, ಎಷ್ಟು ಬೈದುಬಿಟ್ಟೆ ಈ ಕಾರುಗಳನ್ನ, ಅಂದರು. ಕಣ್ಣು ಒರೆಸಿಕೊಂಡು ಮತ್ತೆ ನನ್ನ ಬಾಯಿಯತ್ತ ನೋಡಿದರು.

"ಹೇಗಿದೆ, ಹೇಳು."

ನಾನು ಕಿವಿಯ ಸ್ಪಂಜು ಕಿತ್ತೆ. ಕಾರು ದಾಟುವವರೆಗೆ ಅವರು ಕಾರು ನೋಡುವುದು, ದಾಟಿದ ತಕ್ಷಣ ನನ್ನ ಕಡೆ ತಿರುಗುವುದು, ನಾನು ಬಾಯಿ ಅಗಲಿಸಿ ಹೇಳುವುದು. ಹಳದಿ ಕಾರು ಬಂದರೆ, ಮಹಡಿಯ ಮೇಲೆ ಕಬ್ಬಿಣದ ಬೀರು ಎಳೆದ ಹಾಗೆ. ಬಿಳಿಯದು ಹೊಸ ಪಂಚೆಯನ್ನು ಪರ್‍ರೆಂದು ಹರಿದ ಹಾಗೆ. ನೀಲಿಯದು ಒಣಮೆಣಸಿನಕಾಯಿ ಹಾಕಿದ ಮಿಕ್ಸಿ. ಆಂಟಿ ನಕ್ಕರು. ಬ್ರೇಕ್ ಹಾಕುವಾಗ? ಬೇರೆ ಕಾರನ್ನು ಹಿಂದೆ ಹಾಕುವಾಗ? ಕೇಳುತ್ತಲೇ ಹೋದರು. ಒಂದು ಕಡೆ ನಿಲ್ಲಲಿಲ್ಲ, ತಿರುವಿನಿಂದ ತಿರುವಿಗೆ ನನ್ನನ್ನು ಎಳೆದುಕೊಂಡು ಓಡಾಡಿದರು. ಕೊನೆಕೊನೆಗೆ ನನ್ನ ದನಿ ಬಿದ್ದುಹೋಗಿತ್ತು. ಯಾರು ಗೆದ್ದರೋ ಇವತ್ತಿಗೂ ನನಗೆ ನೆನಪಿಲ್ಲ...

ಹಿಂದಿರುಗುವಾಗ ದಾರಿಯಲ್ಲಿ ತಾವೇ ಮಗನಿಗೆ ಫೋನ್ ಮಾಡಿದರು. "ನೀನು ಮಾತಾಡ್ಬೇಡ, ನಂಗೆ ಕೇಳಿಸಲ್ಲ. ನಾನು ಹೇಳೋದು ಕೇಳು" ಎಂದು ಶುರುಮಾಡಿ ಎಲ್ಲವನ್ನೂ ಹೇಳಿಬಿಟ್ಟರು. ನಾನು ರಸ್ತೆ ನೋಡಿಕೊಂಡು ಓಡಿಸಿದೆ. ಮರುದಿನ ಅಭಿಮಾನಿಗಳ ಪುಟದಲ್ಲಿ, ಮೊದಲ ಸಲ ಸಣ್ಣಕ್ಷರಗಳಲ್ಲಿ, ಕಾರುಗಳಿಗೆ ಸದ್ದಿದೆ, ನನ್ನ ಕಿವಿಗೆ ಇರಲಿಲ್ಲ, ಕ್ಷಮಿಸಿ, ಎಂದು ಬರೆದರು. ಕೆಳಗೆ ಇನ್ನೊಂದು ಸಾಲು: ಉಳಿದ ಅಭಿಪ್ರಾಯಗಳೆಲ್ಲ ಹಾಗೇ ಇವೆ.

ಎಲೆ ಉದುರುವ ಹೊತ್ತಿಗೆ ಮನೆ ಖಾಲಿಯಾಯಿತು. ಟೆಕ್ಸಾಸ್‌ನಲ್ಲಿ ಮಗ ಒಳ್ಳೆಯ ಕಿವಿಯಂತ್ರ ಹಾಕಿಸಿದ. ಮುಂದಿನ ಬೇಸಿಗೆ ಅವನೇ ಅಲ್ಲೆಲ್ಲೋ ಹತ್ತಿರದ ರೇಸಿಗೆ ಕರೆದುಕೊಂಡು ಹೋದನಂತೆ. ಅಲ್ಲಿಂದಲೇ ಆಂಟಿ ಫೋನ್ ಮಾಡಿದರು. ಹಿಂದೆ ಕಾರುಗಳ ಗದ್ದಲ. ಕೇಳಿಸುತ್ತಿದೆಯಾ ಎಂದು ನಾನು ಕೂಗಿದೆ. ಎಲ್ಲ ಕೇಳಿಸುತ್ತಿದೆ, ಕೂಗಬೇಡ ಅಂದರು. ಒಂದು ಕಾರು ಅಬ್ಬರಿಸುತ್ತ ದಾಟಿತು.

"ನೀನು ಹೇಳಿದಷ್ಟು ಚೆನ್ನಾಗಿಲ್ಲ ಕಣೆ."

ಆ ವರ್ಷದ ಚಳಿಗಾಲದಲ್ಲೇ ಅವರು ಹೋಗಿಬಿಟ್ಟರು. ಸುದ್ದಿ ತಿಳಿಸಿದ್ದು ಮಗ, ಕಾರ್ಯವೆಲ್ಲ ಮೈಸೂರಿನಲ್ಲಿ ಎಂದ. ನಾನು ದೇಶ ಬಿಟ್ಟು ಹೋಗುವ ಹಾಗಿರಲಿಲ್ಲ, ವೀಸಾ ಕಾಗದಗಳು ಎಲ್ಲೋ ಸಿಕ್ಕಿಕೊಂಡಿದ್ದವು. ಆ ಸಂಕಟ ಇನ್ನೂ ಇದೆ.

ಈಗ ನನಗೆ ಕೆಲಸವಿದೆ, ವುಡ್‌ಬ್ರಿಡ್ಜ್‌ನಲ್ಲಿ ಮನೆಯಿದೆ. ಪ್ರತಿ ಬೇಸಿಗೆ ಅಪ್‌ಸ್ಟೇಟ್‌ಗೆ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋಗುತ್ತೇನೆ. ಅಭಿಮಾನಿಗಳು ಅದೇ ಜಗಳ ಆಡುತ್ತಲೇ ಇದ್ದಾರೆ, ಒಬ್ಬನಿಗೆ ಸುವರ್ಣಯುಗ, ಇನ್ನೊಬ್ಬನಿಗೆ ಸರ್ವನಾಶ. ನನಗೆ ಎರಡೂ ಹೌದು ಅನ್ನಿಸುತ್ತದೆ. ಬೇಲಿಯ ಬಳಿ ನಿಲ್ಲುತ್ತೇನೆ, ಕಾರು ದಾಟುತ್ತದೆ, ಅದರ ಸದ್ದಿಗೆ ಸರಿಯಾದ ಮಾತು ಬಾಯಿಗೆ ಬಂದುಬಿಡುತ್ತದೆ. ಪಕ್ಕಕ್ಕೆ ತಿರುಗುತ್ತೇನೆ. ಆಂಟಿ ಇಲ್ಲ ಅನ್ನುವುದು ಆಗ ತಿಳಿಯುವಷ್ಟು ಇನ್ಯಾವಾಗಲೂ ತಿಳಿಯುವುದಿಲ್ಲ.