ಹಾಡು ಮುಗಿದ ಮೇಲೆ ನೀರು ಬಿಟ್ಟವಳು

ರೈಟರ ಹೆಂಡತಿಯ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ. ಅವರೀಗ ಸಕಲೇಶಪುರದಲ್ಲಿ ಮಗಳ ಮನೆಯಲ್ಲಿದ್ದಾರಂತೆ, ವಿಪರೀತ ಮಂಡಿನೋವಂತೆ. ಇರಲಿ. ಮಂಡಿನೋವು ಬಂದವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಅಂತ ಎಲ್ಲೂ ಬರೆದಿಲ್ಲ.

ನಾವಿದ್ದದ್ದು ಹಾನುಬಾಳಿನಿಂದ ಜೀಪಿನಲ್ಲಿ ಅರ್ಧ ಗಂಟೆ ಮೇಲಕ್ಕೆ ಹತ್ತಿದರೆ ಸಿಗುವ ಒಂದು ಕಾಫಿ ಎಸ್ಟೇಟಿನ ಲೈನಿನಲ್ಲಿ. ಲೈನು ಅಂದರೆ ಆಳುಗಳಿಗೆ ಒಂದಕ್ಕೊಂದು ಅಂಟಿಸಿ ಕಟ್ಟಿಕೊಟ್ಟ ಮನೆಗಳ ಸಾಲು. ಅವ್ವ ಹಣ್ಣು ಕುಯ್ಯುತ್ತಿದ್ದಳು. ಅಪ್ಪ ಸ್ಟೋರಿನಲ್ಲಿ ಪಲ್ಪರ್ ಓಡಿಸುತ್ತಿದ್ದ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ನಮ್ಮ ಮನೆಗಳಿಗೆ ಒಂದೊಂದು ಬಲ್ಬು ಬಿಟ್ಟರೆ ಬೇರೆ ಕರೆಂಟಿನ ಸುಖವಿರಲಿಲ್ಲ. ಟೀವಿ ಇದ್ದದ್ದು ಎರಡೇ ಕಡೆ. ಒಂದು ಸಾಹುಕಾರರ ಬಂಗಲೆಯಲ್ಲಿ, ಅಲ್ಲಿ ಗೇಟಿಗೆ ನಾಯಿ. ಇನ್ನೊಂದು ಆಳುಗಳ ಹಾಜರಿ ಹಾಕುವ ರೈಟರ ಮನೆಯಲ್ಲಿ, ಅಲ್ಲಿ ಜಗುಲಿಗೆ ತೆರೆದ ಒಂದು ಕಿಟಕಿ.

ಸಂಜೆ ಐದೂಕಾಲಿಗೆ ಆ ಕಿಟಕಿಯಿಂದ ಕಾರ್ಟೂನಿನ ಹಾಡು ಕೇಳಿತೆಂದರೆ ಲೈನಿನ ಮಕ್ಕಳೆಲ್ಲ ಕೈಯಲ್ಲಿದ್ದದ್ದು ಬಿಸಾಕಿ ಓಡುತ್ತಿದ್ದೆವು. ಕನ್ನಡದಲ್ಲೇ ಮಾತಾಡುವ ಕಾರ್ಟೂನುಗಳು ಆಗಷ್ಟೇ ಬರತೊಡಗಿದ್ದವು. ನನಗೆ ಆರನೇ ಕ್ಲಾಸು, ತಂಗಿಗೆ ಮೂರನೆಯದು. ರೈಟರ ಹೆಂಡತಿ ಒಂದು ನಿಯಮ ಮಾಡಿದ್ದರು. ಹಾಡಿಗೆ ಜಗುಲಿಯಲ್ಲಿ ಕುಣಿದವರು ಮಾತ್ರ ಕಿಟಕಿಯಿಂದ ನೋಡಬಹುದು. ಸರಿ, ನಾವು ಕುಣಿಯುತ್ತಿದ್ದೆವು. ಒಳಗೆ ಸೋಫಾದಲ್ಲಿ ಅವರ ಮಗಳು ಕೋಡುಬಳೆ ಕಡಿಯುತ್ತಾ ಟೀವಿಗಿಂತ ನಮ್ಮನ್ನೇ ಹೆಚ್ಚು ನೋಡಿ ನಗುತ್ತಿದ್ದಳು. ಹಾಡು ನಿಲ್ಲುತ್ತಿದ್ದಂತೆ ತಾಯಿ ಎದ್ದು ಬರುತ್ತಿದ್ದರು.

"ಮುಗೀತಲ್ಲ? ನಡೀರಿ ಇನ್ನ. ಗಲಾಟೆ ಮಾಡ್ಬ್ಯಾಡಿ."

ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಹೀಗಾಗಿ ನಮಗೆ ನಾಲ್ಕು ಕಾರ್ಟೂನುಗಳ ಹಾಡು ಬಾಯಿಪಾಠ, ಒಂದರ ಕಥೆಯೂ ಗೊತ್ತಿಲ್ಲ. ಶಾಲೆಯಲ್ಲಿ ಹಾಡು ಹೇಳುವುದಕ್ಕೆ ನಾವೇ ಮುಂದು. ಆಮೇಲೆ ಏನಾಯ್ತು ಅಂತ ಯಾರಾದರೂ ಕೇಳಿದರೆ ನನಗೆ ತಕ್ಷಣ ನೀರು ಕುಡಿಯುವ ನೆಪ.

ತಂಗಿಯ ಪ್ರಾಣ ಇದ್ದದ್ದು ಅಂಗಡಿ ಇಟ್ಟ ಕರಡಿಯ ಕಾರ್ಟೂನಿನಲ್ಲಿ. ಹಾಡು ಶುರುವಾದಾಗ ಕರಡಿ ಅಂಗಡಿ ಬಾಗಿಲು ಎತ್ತುತ್ತದೆ, ಡೋಲು ಬಡಿಯುತ್ತದೆ, ಕಾಡಿನ ಪ್ರಾಣಿಗಳು ಒಂದೊಂದೇ ಬಂದು ಸಾಮಾನು ಕೇಳುತ್ತವೆ. ಕೊನೆಗೆ ಮೂಲೆಯಲ್ಲಿದ್ದ ಮೂಟೆಯೊಂದು ತಾನಾಗೇ ಅಲುಗಾಡುತ್ತದೆ. ಕರಡಿ ಹಿಂತಿರುಗಿ ನೋಡುವಷ್ಟರಲ್ಲಿ ಹಾಡು ಮುಗಿಯುತ್ತದೆ, ನಮ್ಮ ಕಿಟಕಿಯೂ. ರಾತ್ರಿ ಕಂಬಳಿಯೊಳಗೆ ತಂಗಿಯದು ಅದೇ ಪ್ರಶ್ನೆ. "ಅಕ್ಕ, ಆ ಮೂಟೇಲಿ ಏನೈತೆ? ಕರಡಿ ಆಮೇಲೆ ಏನ್ ಮಾಡ್ತೈತೆ?" ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅವಳು ನಂಬುತ್ತಿರಲಿಲ್ಲ.

ಒಂದು ದಿನ ರೈಟರ ಹೆಂಡತಿ, "ಇವತ್ತು ಎಲ್ರಿಗಿಂತ ಚೆನ್ನಾಗಿ ಕುಣಿದೋರ್ನ ಒಳಗೆ ಕೂರಿಸ್ತೀನಿ" ಅಂದರು. ತಂಗಿ ಕುಣಿದಳು ನೋಡಿ, ಜಡೆ ಬಿಚ್ಚಿಹೋಗುವ ಹಾಗೆ ಕುಣಿದಳು. ಹಾಡು ಮುಗಿಯಿತು. ಅವಳು ಅಂಗಳದ ನಲ್ಲಿಗೆ ಓಡಿ, ಕೆಸರಿನ ಕಾಲನ್ನು ತಿಕ್ಕಿ ತಿಕ್ಕಿ ತೊಳೆದುಕೊಂಡು ಮುಂಬಾಗಿಲಿಗೆ ಬಂದು ನಿಂತಳು. ಒಳಗಿನಿಂದ ಚಿಲಕ ಹಾಕಿದ ಸದ್ದು. ಆಮೇಲೆ ತಾಯಿ ಮಗಳು ಇಬ್ಬರೂ ನಕ್ಕ ಸದ್ದು. ತಂಗಿ ಅಲ್ಲಿಂದ ಅಲುಗಲಿಲ್ಲ. ಈಗ ತೆಗೀತಾರೆ ಅಂತ ಅರ್ಧ ಗಂಟೆ ಒದ್ದೆಗಾಲಲ್ಲಿ ನಿಂತಿದ್ದಳು. ನಾನು ಅವಳ ಕೈ ಹಿಡಿದು ಎಳೆದುಕೊಂಡು ಬಂದೆ. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ನಿಮಗೆ ಮಾಡ್ತೀನಿ ಇರಿ ಅಂದುಕೊಂಡೆ.

ಮಾಡುವುದಕ್ಕೆ ದಾರಿ ನನ್ನ ಕೈಯಲ್ಲೇ ಇತ್ತು. ಪಲ್ಪರಿಗೆ ನೀರು ಬೇಕು. ನೀರಿನ ತೊಟ್ಟಿ ಇದ್ದದ್ದು ಸ್ಟೋರಿನಿಂದ ಮೇಲೆ, ರೈಟರ ಮನೆಯ ಹಿಂದಿನ ದಿಣ್ಣೆಯಲ್ಲಿ. ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣಿನ ತೂಕ ಮುಗಿದ ಮೇಲೆ ಯಾರಾದರೂ ಹತ್ತಿಹೋಗಿ ವಾಲ್ ತಿರುಗಿಸಿ "ಬುಟ್ಟೆ" ಅಂತ ಕೂಗಬೇಕು, ಆಗ ಅಪ್ಪ ಕೆಳಗೆ ಮೋಟಾರು ಹಾಕುತ್ತಿದ್ದ. ಆ ಯಾರಾದರೂ ನಾನೇ. ಇನ್ನೊಂದು ಸಂಗತಿ ಲೈನಿನ ಮಕ್ಕಳಿಗೆಲ್ಲ ಗೊತ್ತಿತ್ತು. ಮೋಟಾರು ಶುರುವಾದರೆ ವೋಲ್ಟೇಜು ಬಿದ್ದು ನಮ್ಮ ಬಲ್ಬುಗಳು ಕೆಂಪಗಾಗುತ್ತಿದ್ದವು, ರೈಟರ ಮನೆಯ ಟೀವಿ ಟಕ್ ಅಂತ ಆರಿಹೋಗುತ್ತಿತ್ತು. ಆ ದಿನದವರೆಗೆ ನಾನು ತಂಗಿಯ ಜೊತೆ ಜಗುಲಿಯಲ್ಲಿ ಕುಣಿದು, ಕಾರ್ಟೂನು ಮುಗಿಯುವ ಹೊತ್ತಿಗೆ ತೊಟ್ಟಿಗೆ ಹೋಗುತ್ತಿದ್ದೆ. ಎಷ್ಟು ದಡ್ಡಿ ನಾನು.

ಮಾರನೆಯ ದಿನ ಐದು ಗಂಟೆಗೇ ತೊಟ್ಟಿಯ ಹತ್ತಿರ ಕೂತೆ. ಕೆಳಗಿನಿಂದ ಅಪ್ಪ "ನೀರ್ ಬುಡು ಮಗಾ" ಅಂದ. "ತಡಿ ಅಪ್ಪ, ವಾಲ್ ಬಿಗಿಯಾಗೈತೆ" ಅಂದೆ. ಹಾಡು ಶುರುವಾಯಿತು. ಡೋಲು ಬಡಿಯಿತು, ಮೊಲ ಬಂತು, ನರಿ ಬಂತು, ಎಲ್ಲವನ್ನೂ ಬರಗೊಟ್ಟೆ. ಮೂಟೆ ಅಲುಗಾಡುವ ಜಾಗ ಬಂದು ಹಾಡು ನಿಂತ ಕೂಡಲೇ ವಾಲ್ ತಿರುಗಿಸಿ "ಬುಟ್ಟೆ" ಅಂತ ಕೂಗಿದೆ. ಪಲ್ಪರ್ ಗರಗರ ಅಂದಿತು. ರೈಟರ ಮನೆಯೊಳಗಿಂದ ಮಗಳ ರಾಗ ಎದ್ದಿತು. ಅಷ್ಟು ಇಂಪಾದ ಸಂಗೀತವನ್ನು ನಾನು ಆಮೇಲೆ ಕೇಳಿಲ್ಲ.

ಐದು ವಾರ, ಭಾನುವಾರ ಬಿಟ್ಟು ದಿನಾ ಹೀಗೇ ಮಾಡಿದೆ. ಹಾಡು ಅವರಿಗೂ ಪೂರ್ತಿ ಸಿಗುತ್ತಿತ್ತು. ಅದರಲ್ಲಿ ನಾನು ಒಂದು ದಿನವೂ ಮೋಸ ಮಾಡಲಿಲ್ಲ. ರೈಟರು ಒಮ್ಮೆ ಸ್ಟೋರಿಗೆ ಬಂದು, "ಅಲ್ಲ ಮಾರಾಯ, ಒಂದರ್ಧ ಗಂಟೆ ತಡೆದು ಶುರು ಮಾಡಕ್ಕಾಗಲ್ವಾ?" ಅಂದರು. ಏನೂ ಗೊತ್ತಿರದ ಅಪ್ಪ, "ನೀವೇ ಹೇಳಿದ್ದಲ್ವಾ ಸಾ, ತೂಕ ಆದ್ಮೇಲೆ ಹಣ್ಣು ಕಾಯಿಸ್ಬ್ಯಾಡ, ಹುಳಿ ಬತ್ತದೆ ಅಂತ" ಅಂದ. ಮಗಳ ಕಾರ್ಟೂನಿಗೋಸ್ಕರ ಪಲ್ಪರ್ ನಿಲ್ಲಿಸಿ ಅಂತ ಸಾಹುಕಾರರಿಗೆ ಹೇಳುವ ಧೈರ್ಯ ರೈಟರಿಗೆಲ್ಲಿಂದ ಬರಬೇಕು? ಕೆಮ್ಮಿ ವಾಪಸ್ಸು ಹೋದರು.

ಕಂಡುಹಿಡಿದವರು ಹೆಂಡತಿಯೇ. ಒಂದು ಸಂಜೆ ನಾನೂ ತಂಗಿಯೂ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದಾಗ ಸೀರೆ ಎತ್ತಿ ಕಟ್ಟಿಕೊಂಡು ಏದುಸಿರು ಬಿಡುತ್ತಾ ದಿಣ್ಣೆ ಹತ್ತಿ ಬಂದರು.

"ನಂಗೆ ಎಲ್ಲಾ ಗೊತ್ತು ಕಣೇ," ಅಂದರು. ಬೈಯಲಿಲ್ಲ. "ಮಗು ದಿನಾ ಅಳ್ತೈತೆ. ಇವತ್ತಿಂದ ನೀವಿಬ್ರೂ ಒಳಗೆ ಬಂದು ಕೂತ್ಕಳಿ. ಕುಣಿಯಾದೂ ಬ್ಯಾಡ. ಕೊನೇ ತಂಕ ನೋಡಿ. ಆಮೇಲೆ ಬಂದು ನೀರ್ ಬುಡು, ಅಷ್ಟೇಯ."

ತಂಗಿ ನನ್ನ ಲಂಗ ಹಿಡಿದುಕೊಂಡಳು. "ಹೂಂ ಅನ್ನು ಅಕ್ಕ. ಹೂಂ ಅನ್ನು."

ನಾನು ನೋಡುತ್ತಿದ್ದದ್ದು ತಂಗಿಯನ್ನಲ್ಲ. ನಮ್ಮನ್ನು ಕುಣಿಸಿದ ಹೆಂಗಸು ಬೆವರು ಒರೆಸಿಕೊಳ್ಳುತ್ತಾ ನನ್ನ ಬಾಯಿಂದ ಬರುವ ಮಾತಿಗೆ ಕಾಯುತ್ತಿದ್ದರು. ಅದನ್ನು ಅಷ್ಟು ಬೇಗ ಮುಗಿಸಲು ನನಗೆ ಇಷ್ಟವಿರಲಿಲ್ಲ. ಕೈಯನ್ನು ನಿಧಾನವಾಗಿ ವಾಲಿನ ಮೇಲಿಟ್ಟೆ.

"ಹಣ್ಣು ಹುಳಿ ಬಂದ್ರೆ ರೈಟರ್ ಸಾ ಬೈತಾರೆ ಅಮ್ಮಾರೆ," ಅಂದೆ. ಅವರ ಕಣ್ಣೆದುರಿಗೇ ವಾಲ್ ತಿರುಗಿಸಿದೆ. ಅವತ್ತು ಹಾಡೂ ಶುರುವಾಗಿರಲಿಲ್ಲ.

ಅವರು ದಿಣ್ಣೆ ಇಳಿದುಹೋದರು. ತಂಗಿ ಲಂಗ ಬಿಟ್ಟು ಅವರ ಹಿಂದೆ ನಾಲ್ಕು ಹೆಜ್ಜೆ ಹೋದಳು, ನಿಂತಳು, ಆಮೇಲೆ ಬೇರೆ ದಾರಿಯಲ್ಲಿ ಲೈನಿಗೆ ಹೋದಳು. ಮತ್ತೆ ತೊಟ್ಟಿಯ ಕಡೆ ಬರಲಿಲ್ಲ. ಕಂಬಳಿಯೊಳಗೆ ಕರಡಿಯ ಸುದ್ದಿಯನ್ನೂ ಎತ್ತಲಿಲ್ಲ. ಬುದ್ಧಿ ಬಂತು ಅಂದುಕೊಂಡೆ. ಮುಂದಿನ ಕುಯ್ಲಿಗೆ ಮೊದಲೇ ರೈಟರು ವನಗೂರಿನ ಕಡೆಯ ಎಸ್ಟೇಟಿಗೆ ಹೋದರು, ಟೀವಿಯೂ ಜೀಪು ಹತ್ತಿತು.

ನಾನೀಗ ಹಾನುಬಾಳಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ತಂಗಿಯನ್ನು ಆಲೂರಿಗೆ ಕೊಟ್ಟಿದೆ. ಹೋದ ತಿಂಗಳು ಅಲ್ಲಿಗೆ ಹೋದಾಗ ಅವಳ ಮೂರು ವರ್ಷದ ಮಗು ಫೋನಿನಲ್ಲಿ ಕಾರ್ಟೂನು ನೋಡುತ್ತಿತ್ತು. ಹಾಡು ಬಂದ ಕೂಡಲೇ ಬೆರಳಲ್ಲಿ ಒತ್ತಿ ಹಾಡನ್ನು ಹಾರಿಸಿ ಸೀದಾ ಕಥೆಗೆ ಹೋಯಿತು. ನನಗೆ ಹಳೆಯದೆಲ್ಲ ನೆನಪಾಗಿ, ಪಲ್ಪರಿನ ಸಾಹಸವನ್ನು ತಂಗಿಯ ಗಂಡನಿಗೆ ಹೇಳಿದೆ. ಎಷ್ಟೋ ಜನಕ್ಕೆ ಹೇಳಿ ಹದ ಮಾಡಿಟ್ಟ ಕಥೆ ಅದು. ವಾಲ್ ತಿರುಗಿಸುವ ಜಾಗದಲ್ಲಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಂಗಿ ಸೊಪ್ಪು ಬಿಡಿಸುತ್ತಿದ್ದಳು.

"ಅವತ್ತು ಅವ್ರು ಕರೆದ್ರು," ಅಂದಳು, ತಲೆ ಎತ್ತದೆ. "ಬ್ಯಾಡ ಅಂದಿದ್ದು ನೀನು."

"ನಿನಗೋಸ್ಕರ ಕಣೇ ಅಷ್ಟೆಲ್ಲಾ ಮಾಡಿದ್ದು."

"ನಂಗೆ ಸೇಡು ಬೇಕು ಅಂತ ಯಾರು ಹೇಳಿದ್ರು? ನಂಗೆ ಕರಡಿ ನೋಡ್ಬೇಕಿತ್ತು. ನೀನು ನನ್ ಕಡೆ ತಿರುಗೂ ನೋಡ್ಲಿಲ್ಲ."

ಅವಳ ದನಿಯಲ್ಲಿದ್ದದ್ದು ಏನು ಅಂತ ನನಗೆ ತಕ್ಷಣ ಗೊತ್ತಾಯಿತು, ಯಾಕೆಂದರೆ ರೈಟರ ಹೆಂಡತಿಯ ಮಾತೆತ್ತಿದಾಗ ನನ್ನ ದನಿಯೂ ಹಾಗೇ ಆಗುತ್ತದೆ. ಇಷ್ಟು ವರ್ಷ ನಾನು ಆಕೆಯ ಮೇಲೆ ಹಲ್ಲು ಕಡಿಯುತ್ತಿದ್ದಾಗ, ಪಕ್ಕದಲ್ಲೇ ಮಲಗಿದ್ದವಳು ನನ್ನ ಮೇಲೆ ಕಡಿಯುತ್ತಿದ್ದಳು.