ಒಂಬತ್ತು ಪೌಂಡಿನ ಉಪವಾಸ

ನಾನು ಮೊದಲು ಒಡೆದದ್ದು ತೂಕದ ಯಂತ್ರವನ್ನು. ಅಮೆರಿಕದ ಅಲೆನ್ ಎಂಬ ಊರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ, ಸುತ್ತಿಗೆಯಿಂದ, ಅದರ ಗಾಜು ಪುಡಿಪುಡಿಯಾಗುವವರೆಗೆ. ಅದು ಇನ್ನೂರ ನಲವತ್ತೊಂದು ಪೌಂಡ್ ತೋರಿಸಿತ್ತು.

ಜೀವವಿಮೆಗೆ ಅರ್ಜಿ ಹಾಕಲು ಹೊರಟಿದ್ದೆ. ನಾನಿಲ್ಲವಾದರೆ ಹೆಂಡತಿ, ಮಗಳು ಬೀದಿಗೆ ಬೀಳಬಾರದು. ನನ್ನ ವೀಸಾದ ನೆರಳಲ್ಲಿ ಬಂದ ಅವಳಿಗೆ ಇಲ್ಲಿ ಕೆಲಸ ಮಾಡುವ ಹಕ್ಕಿರಲಿಲ್ಲ. ಏಜೆಂಟ್ ಎಂದರೆ ಹತ್ತಿರದ ಇರ್ವಿಂಗ್ ಊರಿನ ದೇವಸ್ಥಾನದಲ್ಲಿ ಪರಿಚಯವಾದ ಒಬ್ಬ ಅಂಕಲ್. ಯಾವ ಎತ್ತರಕ್ಕೆ ಎಷ್ಟು ತೂಕ ಎಂಬ ಚಾರ್ಟಿನ ಮೇಲೆ ಬೆರಳಿಟ್ಟು ಹೇಳಿದ್ದರು: “ಒಂಬತ್ತು ಪೌಂಡ್ ಇಳಿಸಿಬಿಡಿ ಸಾರ್, ಮೇಲಿನ ಕ್ಲಾಸಿಗೆ ಹೋಗ್ತೀರಿ, ಪ್ರೀಮಿಯಂ ಕಮ್ಮಿ ಆಗುತ್ತೆ. ಮೂವತ್ತು ವರ್ಷ ಕಟ್ಟೋದಲ್ವಾ? ನಿಧಾನವಾಗಿ ವಾಕಿಂಗ್ ಶುರು ಮಾಡಿ, ಎರಡು ತಿಂಗಳು ಬಿಟ್ಟು ಅಪ್ಲೈ ಮಾಡೋಣ.”

ನಿಧಾನ ಎಂಬುದು ನನ್ನ ಜಾಯಮಾನದಲ್ಲೇ ಇಲ್ಲ. ಹನ್ನೆರಡು ದಿನ ಮುಂದಿನ ದ್ವಾದಶಿಯ ಬೆಳಿಗ್ಗೆಯನ್ನೇ, ವಿಮೆ ಕಂಪನಿಯವರು ಮನೆಗೆ ಬಂದು ಮಾಡುವ ವೈದ್ಯಕೀಯ ಪರೀಕ್ಷೆಗೆ ಗೊತ್ತುಮಾಡಿಸಿದೆ. ಹಿಂದಿನ ದಿನ ಏಕಾದಶಿ, ಹನಿ ನೀರೂ ಇಲ್ಲದ ಉಪವಾಸ. ಧಾರವಾಡದ ನಮ್ಮ ಮನೆಯಲ್ಲಿ ಎಲ್ಲರೂ ಮಾಡುತ್ತ ಬಂದದ್ದೇ. ದೇವರಿಗೂ ಸಂದಿತು, ಕಂಪನಿಗೂ ಸಂದಿತು ಎಂದು ನಕ್ಕೆ. ಅಲ್ಲಿಯವರೆಗೆ ದಿನಕ್ಕೆ ಒಂದೇ ಊಟ.

ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿರುವ ಮನುಷ್ಯ ನಾನು. ಹಸಿದಷ್ಟೂ ಕೈ ಮುಂದಾಯಿತು. ಒಗ್ಗರಣೆಯ ವಾಸನೆ ಮೂಗಿಗೆ ಬಡಿದದ್ದೇ ಬಾಣಲೆ ಎತ್ತಿ ಎಸೆದೆ. ಕಾದ ಎಣ್ಣೆ ಹೆಂಡತಿಯ ಕಾಲ ಬಳಿಯೇ ಚೆಲ್ಲಿತು. ಇನ್ನೊಂದು ದಿನ, ಅಡ್ಡ ಬಂದನೆಂದು ಸಿಗ್ನಲ್‌ನಲ್ಲಿ ಇಳಿದು ಒಬ್ಬನ ಕಾರಿನ ಬಾನೆಟ್ ಗುದ್ದಿದೆ. ಅವನು ಕಿಟಕಿ ಇಳಿಸಿ ಬಂದೂಕು ತೋರಿಸಿದ. ಆ ಹೆದರಿಕೆಯನ್ನು ಮನೆಗೆ ತಂದು ಬೆಡ್‌ರೂಮಿನ ಬಾಗಿಲ ಮೇಲೆ ತೀರಿಸಿಕೊಂಡೆ. ಬಾಗಿಲಲ್ಲಿ ಮುಷ್ಟಿಯಷ್ಟು ತೂತು ಬಿತ್ತು. “ಅಪ್ಪಾ, ಸ್ಟಾಪ್ ಇಟ್!” ಎಂದು ಮಗಳು ಕಿರುಚಿದಳು.

“ಈ ಉಪವಾಸ ಸಾಕ್ ಮಾಡ್ರಿ,” ಎಂದಳು ಹೆಂಡತಿ. “ನಾಕು ದುಡ್ಡು ಹೆಚ್ಚು ಹೋದ್ರ ಹೋಗ್ಲಿ.”

ಇಷ್ಟೆಲ್ಲ ನಿನಗಾಗಿಯೇ ಅಲ್ಲವೇ ಎಂದು ಅವಳ ಮೇಲೆ ಹರಿಹಾಯ್ದೆ.

ದ್ವಾದಶಿಯಂದು ಬೆಳಗಾಗುತ್ತಲೇ ಪಾರಣೆ ಮಾಡಿ ಉಪವಾಸ ಬಿಡಬೇಕು. ಹೊತ್ತು ಮೀರಿದರೆ ವ್ರತ ಕೆಟ್ಟಂತೆ. ಅವಳು ಮಡಿಯುಟ್ಟು ಅಡುಗೆ ಮುಗಿಸಿ, ಉದ್ಧರಣೆಯಲ್ಲಿ ತೀರ್ಥ ಹಿಡಿದು ನನ್ನೆದುರು ನಿಂತಳು. ತೂಕ ನೋಡುವವರು ಎಂಟಕ್ಕೆ ಬರುವವರಿದ್ದರು. ಬೇಡವೆಂದೆ.

“ತೀರ್ಥನಾದ್ರೂ ತೊಗೋರಿ. ಇದರಾಗ ಏನು ತೂಕ ಇರ್ತದ?”

ಹೊಡೆದೆ. ಉದ್ಧರಣೆ ಗೋಡೆಗೆ ಹಾರಿತು. ಅವಳ ತುಟಿ ಹಲ್ಲಿಗೆ ಸಿಕ್ಕಿ ಸೀಳಿ, ರಕ್ತ ಮಡಿಸೀರೆಗೆ ಇಳಿಯಿತು. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅವಳ ಮೇಲೆ ಕೈ ಮಾಡಿದ್ದು ಅದೇ ಮೊದಲು ಎಂದು ಬರೆಯಲು ಆಸೆ. ಅದು ಸುಳ್ಳು.

ಪರೀಕ್ಷೆಗೆ ಬಂದ ನರ್ಸ್ ನಡುವಯಸ್ಸಿನ ಅಮೆರಿಕನ್ ಹೆಂಗಸು. ತಾನು ತಂದ ಯಂತ್ರದ ಮೇಲೆ ನನ್ನನ್ನು ನಿಲ್ಲಿಸಿದಳು. ಇನ್ನೂರ ಮೂವತ್ತೊಂದು! ಒಂದು ಪೌಂಡ್ ಹೆಚ್ಚೇ ಇಳಿದಿದ್ದೆ. ಆಮೇಲೆ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಮತ್ತೊಮ್ಮೆ ನೋಡಿದಳು. ಮೂರನೆಯ ಸಲ ನೋಡಿ, ಯಾವಾಗಲೂ ಇಷ್ಟೊಂದು ಇರುತ್ತದೆಯೇ ಎಂದು ಕೇಳಿದಳು. ತೂಕದಲ್ಲಿ ಗಿಟ್ಟಿಸಿದ್ದು ಬಿಪಿಯಲ್ಲಿ ಹೋಯಿತೆಂದು ಅಲ್ಲೇ ತಿಳಿಯಿತು. ಟೀಪಾಯಿಯನ್ನು ಒದ್ದೆ, ಅವಳ ಸೂಜಿ, ಸೀಸೆಗಳೆಲ್ಲ ನೆಲಕ್ಕೆ ಚೆಲ್ಲಿದವು. ಬೆಚ್ಚಿ ಹಿಂದೆ ಸರಿದವಳ ಕಣ್ಣಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ತುಟಿ ಬಿತ್ತು.

“ನೀವು ಈ ಮನೆಯಲ್ಲಿ ಸುರಕ್ಷಿತವಾಗಿದ್ದೀರಾ?” ಎಂದು ಅವಳನ್ನು ಇಂಗ್ಲಿಷಿನಲ್ಲಿ ಕೇಳಿದಳು.

ಹೆಂಡತಿ ಉತ್ತರ ಕೊಟ್ಟದ್ದು ನನಗೆ. “ನೀವು ಸತ್ತ ಮ್ಯಾಲೆ ನನ್ನ ಕಾಯಾಕ ಕಂಪನಿ ಅದ. ನೀವು ಇರೋತನಕ ಕಾಯೋರು ಯಾರ್ರಿ?”

ಮಗಳ ಕೈ ಹಿಡಿದು ಬರಿಗಾಲಲ್ಲೇ ನರ್ಸಿನ ಕಾರು ಹತ್ತಿದಳು. ನಾಚಿಕೆಯಿಂದ ನಾನು ತಡೆಯಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನನ್ನ ಅವ್ವ ನನಗೆ ಹೇಳುತ್ತಲೇ ಇದ್ದಳು.

ಪಾಲಿಸಿ ಬಂತು, ದುಬಾರಿ ದರದಲ್ಲೇ. ಒಂದು ಕಂತೂ ತಪ್ಪಿಸಿಲ್ಲ. ಅವರಿಬ್ಬರೂ ಈಗ ಇರ್ವಿಂಗ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದಾರೆ. ನಾನು ಅತ್ತ ಸುಳಿಯಬಾರದೆಂದು ಕೋರ್ಟಿನ ಆದೇಶವಿದೆ. ನಾನು ಬದುಕಿರುವಷ್ಟು ದಿನ ಅವರಿಗೆ ನನ್ನಿಂದ ಬೇಕಾದ ರಕ್ಷಣೆ ಅದೊಂದೇ.